ಸ್ಟೂಲ್ ಬೆಂಚಿಗೆ ಹೊರಟ ಮಗಳಿಗೆ

ಮಗಳೇ,

ನಿನಗೆ ಪ್ಯಾರಾಸೈಟಾಲಜಿ ವಿಭಾಗ ಹಾಕಿದ್ದಾರೆ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳುವಾಗ ಅವನ ದನಿ ಸಪ್ಪೆಯಾಗಿತ್ತು. ಎಂ.ಎಲ್.ಟಿ. ಓದಿದ ಹುಡುಗಿ ಕಂಡವರ ಮಲದ ಡಬ್ಬಿ ತೆರೆದುಕೊಂಡು ಕೂರಬೇಕೇ ಎಂದು ಅವನ ಸಂಕಟ. ನಾನು ನಕ್ಕುಬಿಟ್ಟೆ. ಲ್ಯಾಬಿನಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡು ದಾಟುವ ಬೆಂಚು ಅದು ನಿಜ. ನಾನು ನಿವೃತ್ತನಾಗುವ ತನಕ ಇಷ್ಟಪಟ್ಟು ಕೂತದ್ದೂ ಅಲ್ಲಿಯೇ. ಬಯೋಕೆಮಿಸ್ಟ್ರಿಯಲ್ಲಿ ಈಗ ಯಂತ್ರವೇ ಎಲ್ಲ ಲೆಕ್ಕ ಹಾಕಿ ಕಾಗದ ಉಗುಳುತ್ತದೆ. ಸ್ಟೂಲ್ ಬೆಂಚಿನಲ್ಲಿ ಇವತ್ತಿಗೂ ಕಣ್ಣು ಬೇಕು, ಕೈಹದ ಬೇಕು, ಬೇಸರ ಮಾಡಿಕೊಳ್ಳದ ಸ್ವಭಾವ ಬೇಕು. ಇವೆಲ್ಲ ನಿನ್ನಲ್ಲಿವೆ. ಒಂದು ಮಾತ್ರ ಹೇಳಿಕೊಡಬೇಕಾಗಿದೆ, ಅದಕ್ಕೇ ಈ ಕಾಗದ.

ಎಲ್ಲ ಹುಳುಗಳ ಪುರಾಣ ಬರೆದರೆ ನೀನು ಓದುವುದಿಲ್ಲ. ಹಂದಿ ಲಾಡಿಹುಳು, ಅಂದರೆ ಟೀನಿಯಾ ಸೋಲಿಯಮ್, ಇದೊಂದರ ಬಗ್ಗೆ ಬರೆಯುತ್ತೇನೆ. ಇದನ್ನು ಮುಟ್ಟುವ ಕ್ರಮ ಕೈಗೆ ಹತ್ತಿದರೆ ಆ ಬೆಂಚಿನ ಉಳಿದ ಶಿಸ್ತೆಲ್ಲ ತಾನಾಗಿ ಹಿಂದೆ ಬರುತ್ತದೆ.

ಪುಸ್ತಕದಲ್ಲಿ ನೀನು ಓದಿಯೇ ಇರುತ್ತೀಯ. ಆದರೆ ಪರೀಕ್ಷೆಗೆ ಓದುವಾಗ ಚಿತ್ರದ ಸುತ್ತಲಿನ ಬಾಣಗಳು ಬಾಯಿಪಾಠವಾಗುತ್ತವೆಯೇ ಹೊರತು ನಡುವಿನ ಕವಲು ಮನಸ್ಸಿಗೆ ಇಳಿಯುವುದಿಲ್ಲ. ಈ ಹುಳು ಮನುಷ್ಯನ ಮೈ ಸೇರಲು ಎರಡು ದಾರಿಗಳಿವೆ. ಆ ಎರಡು ದಾರಿಗಳಿಂದ ಬರುವುದು ಎರಡು ಬೇರೆ ಬೇರೆ ಕಾಯಿಲೆ. ಸರಿಯಾಗಿ ಬೇಯದ ಹಂದಿಮಾಂಸದಲ್ಲಿ ಇದರ ಎಳೆಯ ರೂಪ, ಸಿಸ್ಟಿಸರ್ಕಸ್ ಎಂಬ ನೀರುಗುಳ್ಳೆ ಇರಬಹುದು. ನೆನೆಸಿದ ಸಬ್ಬಕ್ಕಿಯ ಹಾಗೆ ಮಸಕು ಬಿಳುಪು, ನಡುವೆ ಒಂದು ಚುಕ್ಕೆ. ಅದು ಜೀವಂತವಾಗಿ ಹೊಟ್ಟೆಗೆ ಹೋದರೆ ಆ ಚುಕ್ಕೆಯೇ ತಲೆಯಾಗಿ ಹೊರಚಾಚಿ, ನಾಲ್ಕು ಹೀರುಬಟ್ಟಲು ಮತ್ತು ಎರಡು ಸುತ್ತು ಕೊಕ್ಕೆಗಳಿಂದ ಸಣ್ಣ ಕರುಳಿಗೆ ಕಚ್ಚಿಕೊಂಡು ಬೆಳೆಯುತ್ತದೆ. ಸುಮಾರು ಎರಡು ತಿಂಗಳಲ್ಲಿ ದೊಡ್ಡ ಹುಳುವಾಗುತ್ತದೆ. ಎರಡರಿಂದ ನಾಲ್ಕು ಮೀಟರ್ ಉದ್ದ ಸಾಮಾನ್ಯ, ಇನ್ನೂ ಉದ್ದದ್ದೂ ಉಂಟು. ಹೊತ್ತವನಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ. ಸ್ವಲ್ಪ ಹೊಟ್ಟೆ ತೊಳಸುವುದು, ಆಗಾಗ ಹೊಟ್ಟೆನೋವು, ಎಷ್ಟೋ ಜನಕ್ಕೆ ಅದೂ ಇಲ್ಲ. ವರ್ಷಗಟ್ಟಲೆ ಹುಳು ಸಾಕಿಕೊಂಡೂ ಗೊತ್ತೇ ಇಲ್ಲದವರು ಬಹಳ.

ಎರಡನೆಯ ದಾರಿ ಮೊಟ್ಟೆಯದು. ಹುಳುವಿನ ತುದಿಯ ಬಲಿತ ತುಂಡುಗಳು ಕಳಚಿಕೊಂಡು ಮಲದ ಜೊತೆ ಬೀಳುತ್ತವೆ. ಒಂದೊಂದು ತುಂಡಿನೊಳಗೆ 50,000ದವರೆಗೆ ಮೊಟ್ಟೆಗಳಿರಬಹುದು. ಬಯಲಲ್ಲಿ ಬಿದ್ದದ್ದನ್ನು ಹಂದಿ ತಿಂದರೆ ಹಂದಿಯ ಮಾಂಸದಲ್ಲಿ ಗುಳ್ಳೆಗಳಾಗುತ್ತವೆ. ಅದೇ ಮೊಟ್ಟೆ ಮನುಷ್ಯನ ಬಾಯಿಗೆ ಹೋದರೆ? ಹುಳುವಿಗೆ ಮನುಷ್ಯನೆಂಬ ಮರ್ಯಾದೆಯೇನೂ ಇಲ್ಲ. ಆರು ಕೊಕ್ಕೆಯ ಭ್ರೂಣ ಕರುಳಿನ ಗೋಡೆ ಕೊರೆದು ರಕ್ತಕ್ಕೆ ಇಳಿದು ಸ್ನಾಯು, ಚರ್ಮದಡಿ, ಕಣ್ಣು, ಮೆದುಳು ಎಲ್ಲಿ ಬೇಕಾದರೂ ಗುಳ್ಳೆ ಕಟ್ಟಿಕೊಂಡು ಕೂರುತ್ತದೆ. ಮೆದುಳಿನಲ್ಲಿ ಕೂತರೆ ಅದು ನ್ಯೂರೋಸಿಸ್ಟಿಸರ್ಕೋಸಿಸ್. ಫಿಟ್ಸ್, ತಲೆನೋವು, ಕೆಲವೊಮ್ಮೆ ಮೆದುಳಿನ ನೀರಿನ ದಾರಿ ಕಟ್ಟಿಕೊಂಡು ಪ್ರಾಣಕ್ಕೇ ಸಂಚಕಾರ. ಲೋಕದ ಎಷ್ಟೋ ಬಡ ನಾಡುಗಳಲ್ಲಿ ಮೂರ್ಛೆರೋಗದ ಸುಮಾರು ಶೇಕಡ 30 ಪಾಲಿಗೆ ಈ ಹುಳುವೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2014ರಲ್ಲಿ ಅದೇ ಸಂಸ್ಥೆಯೂ ಆಹಾರ ಮತ್ತು ಕೃಷಿ ಸಂಸ್ಥೆಯೂ ಸೇರಿ ಆಹಾರದ ಮೂಲಕ ಹರಡುವ ಪರೋಪಜೀವಿಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ.

ಹಾಗಾಗಿ ನಮ್ಮ ಮನೆಯಲ್ಲಿ ಮಾಂಸವನ್ನೇ ಮುಟ್ಟುವುದಿಲ್ಲ, ನಮಗೇನು ಎಂದು ಯಾರಾದರೂ ಹೇಳಿದರೆ ನಂಬಬೇಡ. ನ್ಯೂಯಾರ್ಕಿನಲ್ಲಿ ಹಂದಿಮಾಂಸದ ನೆರಳೂ ಬೀಳದ ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲಿ ಈ ಕಾಯಿಲೆ ಕಾಣಿಸಿಕೊಂಡದ್ದು 1992ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಯಿತು. ಹುಡುಕುತ್ತ ಹೋದಾಗ ಸಂಶಯದ ಬೆರಳು ಹೋದದ್ದು ಲ್ಯಾಟಿನ್ ಅಮೆರಿಕದಿಂದ ಬಂದು ಆ ಮನೆಗಳಲ್ಲಿ ಅಡುಗೆ, ಮನೆಗೆಲಸ ಮಾಡುತ್ತಿದ್ದವರ ಕರುಳಿನ ಹುಳುವಿನ ಕಡೆಗೆ. ಪಾಪ, ಅವರಿಗೂ ಅದು ಗೊತ್ತಿರಲಿಕ್ಕಿಲ್ಲ. ಕೊಡಗಿನ ಪಂದಿಕರಿಯನ್ನು ಇದಕ್ಕೆ ಗುರಿ ಮಾಡುವವರನ್ನೂ ಕಂಡಿದ್ದೇನೆ. ಒಲೆಯ ಮೇಲೆ ಹೊತ್ತುಗಟ್ಟಲೆ ಕುದಿದ ಮಾಂಸದಲ್ಲಿ ಗುಳ್ಳೆ ಬದುಕುವುದಿಲ್ಲ. ಇನ್ನು ಎಲೆಕೋಸು ತಿಂದರೆ ಮೆದುಳಿಗೆ ಹುಳು ಹೋಗುತ್ತದೆ ಎಂದು ನಿಮ್ಮ ಅಜ್ಜಿಯ ಕಾಲದಿಂದ ವಾಟ್ಸಾಪ್ ಕಾಲದವರೆಗೆ ನಡೆದುಬಂದ ಮಾತಿದೆಯಲ್ಲ, ಅದರಲ್ಲಿ ಅರ್ಧ ನಿಜವಿದೆ. ಕೋಸಿನೊಳಗೆ ಕಾಣುವ ಹಸಿರು ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಮಲ ಬೆರೆತ ನೀರು ಹಾಯಿಸಿದ ಹೊಲದ ಯಾವ ತರಕಾರಿಗೂ ಮೊಟ್ಟೆ ಅಂಟಿರಬಹುದು. ಬೇಯಿಸಿದರೆ ಭಯವಿಲ್ಲ, ಹಸಿಯಾಗಿ ತಿನ್ನುವ ಸೌತೆ, ಮೂಲಂಗಿ, ಕೊತ್ತಂಬರಿಯನ್ನು ಚೆನ್ನಾಗಿ ತೊಳೆಯಬೇಕು.

ನಮ್ಮ ನಾಡಿನ ಮಾತಿಗೆ ಬರೋಣ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದರು. ಮೂರ್ಛೆರೋಗ ಸಾವಿರಕ್ಕೆ ನಗರದಲ್ಲಿ 5.7, ಹಳ್ಳಿಯಲ್ಲಿ 11.9. ಎಲ್ಲಕ್ಕೂ ಹುಳುವೇ ಕಾರಣ ಎಂದು ಇದರ ಅರ್ಥವಲ್ಲ. ಹೆರಿಗೆಯ ತೊಂದರೆ, ತಲೆಗೆ ಪೆಟ್ಟು, ಮೆದುಳುಜ್ವರ ಎಲ್ಲ ಸೇರಿವೆ. ಆದರೂ ಹಳ್ಳಿಯ ಲೆಕ್ಕ ದುಪ್ಪಟ್ಟು ಎಂಬುದನ್ನು ಸ್ಟೂಲ್ ಬೆಂಚಿನಲ್ಲಿ ಕೂತವಳು ಮರೆಯಬಾರದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ, ಫಿಟ್ಸ್ ಬಂದ ಹುಡುಗನ ಸಿ.ಟಿ. ಸ್ಕ್ಯಾನಿನಲ್ಲಿ ಒಂದು ಸಣ್ಣ ಉಂಗುರ ಕಂಡರೆ ಸಾಕು, ಕ್ಷಯದ ಗಂಟು ಎಂದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುತ್ತಿದ್ದರು. 1980ರ ದಶಕದ ಕೊನೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಅವರ ತಂಡದವರು ಅಂಥ ಉಂಗುರಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗ ಹಲವರಲ್ಲಿ ಕಂಡದ್ದು ಸಾಯುತ್ತಿದ್ದ ಲಾಡಿಹುಳುವಿನ ಗುಳ್ಳೆ. ಎಷ್ಟು ಮಕ್ಕಳು ಬೇಡದ ಮಾತ್ರೆಯಿಂದ ಪಾರಾದರೋ! ಬೆಂಚಿನ ಕೆಲಸಕ್ಕೆ ಬೆಲೆಯಿಲ್ಲ ಎನ್ನುವವರಿಗೆ ನಾನು ಹೇಳುವ ಕತೆ ಇದು.

ಈಗ ನಿನಗೆ ಬಹಳ ಮುಖ್ಯವಾದದ್ದು. ಮೊಟ್ಟೆ ನುಂಗಿದ ದಿನಕ್ಕೂ ಮೊದಲ ಫಿಟ್ಸ್ ಬರುವ ದಿನಕ್ಕೂ ನಡುವೆ ಎಷ್ಟು ಅಂತರ? ಇದನ್ನು ಅಳೆಯಲು ಒಂದು ವಿಚಿತ್ರ ಅವಕಾಶ ಒದಗಿತ್ತು. ಇಂಡಿಯಾದಲ್ಲಿ ಸೇವೆ ಮುಗಿಸಿ ತಾಯ್ನಾಡಿಗೆ ಮರಳಿದ ಬ್ರಿಟಿಷ್ ಸೈನಿಕರಲ್ಲಿ, ಮನೆತನದಲ್ಲಿ ಎಂದೂ ಇಲ್ಲದ ಮೂರ್ಛೆರೋಗ ಕಾಣಿಸಿಕೊಳ್ಳುವುದನ್ನು 1930ರ ದಶಕದಲ್ಲಿ ಸೇನಾ ವೈದ್ಯ ವಿಲಿಯಂ ಮೆಕಾರ್ಥರ್ ಗುರುತಿಸಿದ್ದರು. ಆಮೇಲೆ ಡಿಕ್ಸನ್ ಮತ್ತು ಲಿಪ್ಸ್‌ಕಂಬ್ ಎಂಬಿಬ್ಬರು ಇಂಥ 450 ರೋಗಿಗಳ ಜಾತಕವನ್ನು ಕೂಡಿಸಿ 1961ರಲ್ಲಿ ಪ್ರಕಟಿಸಿದರು. ಹೆಚ್ಚಿನವರಿಗೆ ಸೋಂಕು ತಗಲಿ ಏಳು ವರ್ಷದೊಳಗೆ ಲಕ್ಷಣ ಶುರುವಾಗಿತ್ತು, ಕೆಲವರಿಗೆ ದಶಕಗಳೇ ಕಳೆದ ಮೇಲೆ. ಕಾರಣ ಇಷ್ಟೆ: ಜೀವಂತ ಗುಳ್ಳೆ ನಮ್ಮ ದೇಹದ ಕಾವಲುಗಾರರ ಕಣ್ಣು ತಪ್ಪಿಸಿಕೊಂಡು ತೆಪ್ಪಗೆ ಕೂತಿರುತ್ತದೆ. ಅದು ಸಾಯತೊಡಗಿದಾಗ ದೇಹಕ್ಕೆ ಗೊತ್ತಾಗಿ ಸುತ್ತಲೂ ಉರಿಯೂತವಾಗುತ್ತದೆ, ಆಗ ಫಿಟ್ಸ್.

ಇದರ ಅರ್ಥ ಏನು ಗೊತ್ತೇ? ಸೂಜಿ ಚುಚ್ಚಿಕೊಂಡರೆ ರಕ್ತ ಕಾಣುತ್ತದೆ, ಗಾಬರಿಯಾಗುತ್ತದೆ, ರಿಜಿಸ್ಟರಿಗೆ ಏರುತ್ತದೆ. ಆ್ಯಸಿಡ್ ಚೆಲ್ಲಿದರೆ ಕೈ ಸುಡುತ್ತದೆ. ಲಾಡಿಹುಳುವಿನ ಮೊಟ್ಟೆ ಬಾಯಿಗೆ ಹೋದರೆ ಆ ದಿನ, ಆ ತಿಂಗಳು, ಆ ವರ್ಷ ಏನೂ ಆಗುವುದಿಲ್ಲ. ಮೊಟ್ಟೆಯ ಗಾತ್ರ ಒಂದು ಮಿಲಿಮೀಟರಿನ ಮೂವತ್ತನೇ ಒಂದು ಪಾಲು, ಬರಿಗಣ್ಣಿಗೆ ಕಾಣುವುದಿಲ್ಲ. ನೀನು ಬೇರೆ ಊರಿಗೆ ವರ್ಗವಾಗಿ, ಮದುವೆಯಾಗಿ, ಮಗುವಾದ ಮೇಲೆ ಒಂದು ದಿನ ತಲೆ ಗಿರ್ರೆನ್ನುತ್ತದೆ. ಆಗ ಯಾವ ಡಬ್ಬಿ, ಯಾವ ಮಧ್ಯಾಹ್ನ ಎಂದು ಯಾರು ಹೇಳುತ್ತಾರೆ? ಇಷ್ಟು ವರ್ಷ ಹೀಗೇ ಮಾಡಿದ್ದೇವೆ, ನಮಗೇನಾಯಿತು ಎನ್ನುವ ಸೀನಿಯರುಗಳ ಮಾತಿಗೆ ಈ ಹುಳುವಿನ ಮುಂದೆ ಬೆಲೆಯಿಲ್ಲದಿರುವುದು ಅದಕ್ಕೇ. ಏನೂ ಆಗಿಲ್ಲ ಎಂದು ಹೇಳಲು ಅವರಿಗೂ ಆಧಾರವಿಲ್ಲ.

ಇನ್ನು ಬೆಂಚಿನ ಮುಂದೆ ಕೂರು.

ಮೊದಲು ಡಬ್ಬಿ. ಅಗಲ ಬಾಯಿಯ, ತಿರುಪು ಮುಚ್ಚಳದ ಡಬ್ಬಿ ಎಂದು ನಿಯಮ. ಹಳ್ಳಿಯಿಂದ ಬಂದವರು ಬೆಂಕಿಪೊಟ್ಟಣದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತರುತ್ತಾರೆ. ಬೈಯಬೇಡ. ಹುಳುವಿನ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದವನು ನಾಚಿಕೆ ನುಂಗಿಕೊಂಡು ಬಂದಿರುತ್ತಾನೆ. ಅದನ್ನು ಹಾಗೇ ಇನ್ನೊಂದು ಡಬ್ಬಿಯೊಳಗೆ ಇಡು, ನಿನ್ನ ಕೆಲಸ ನಡೆಯುತ್ತದೆ. ಡಬ್ಬಿಯ ಹೊರಮೈ ಒಳಮೈಯಷ್ಟೇ ಕೊಳಕು ಎಂದು ತಿಳಿದುಕೋ. ನಮ್ಮ ಕಡೆಯ ಎಷ್ಟೋ ಲ್ಯಾಬುಗಳಲ್ಲಿ ಕೇಸ್‌ಚೀಟಿಯನ್ನು ಡಬ್ಬಿಗೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕಳಿಸುವ ರೂಢಿ ಇದೆಯಲ್ಲ, ನನಗೆ ಜನ್ಮಕ್ಕೂ ಸಮಾಧಾನವಾಗದ ರೂಢಿ ಅದು. ಆ ಚೀಟಿ ಬೆಂಚಿನಿಂದ ಎದ್ದು ಗುಮಾಸ್ತರ ಮೇಜಿಗೆ ಹೋಗುತ್ತದೆ. ಅವರು ಬೆರಳು ನಾಲಿಗೆಗೆ ತಾಗಿಸಿ ಒಂದೊಂದೇ ಚೀಟಿ ತಿರುವುತ್ತಾರೆ. ಗ್ಲೌಸ್ ಹಾಕಿದ್ದು ನೀನು, ನುಂಗಿದ್ದು ಅವರು. ಚೀಟಿ ಬೇರೆ, ಡಬ್ಬಿ ಬೇರೆ ಬರಲಿ ಎಂದು ಸೇರಿದ ವಾರವೇ ಕೇಳು. ಹೊಸಬಳು ಎಂದು ಸುಮ್ಮನಿರಬೇಡ.

ಗ್ಲೌಸಿನ ವಿಷಯದಲ್ಲಿ ಜನ ಮೋಸ ಹೋಗುವುದು ಹೀಗೇ. ಗ್ಲೌಸ್ ಹಾಕಿದ ಕೈಯಲ್ಲೇ ಸೂಕ್ಷ್ಮದರ್ಶಕದ ಗುಂಡಿ ತಿರುಗಿಸುತ್ತಾರೆ, ಬಾಗಿಲ ಹಿಡಿ ಹಿಡಿಯುತ್ತಾರೆ, ಫೋನ್ ಬಂದರೆ ಎತ್ತುತ್ತಾರೆ. ಆಮೇಲೆ ಗ್ಲೌಸ್ ಕಳಚಿ ಶುದ್ಧವಾದ ಬರಿಗೈಯಲ್ಲಿ ಅದೇ ಗುಂಡಿ, ಅದೇ ಹಿಡಿ, ಅದೇ ಫೋನ್. ಯಾವುದು ಕೊಳಕು ಕೈಯ ಜಾಗ, ಯಾವುದು ಚೊಕ್ಕ ಕೈಯ ಜಾಗ ಎಂದು ಮೊದಲ ದಿನವೇ ಗೆರೆ ಹಾಕಿಕೋ. ಸೂಕ್ಷ್ಮದರ್ಶಕ ಯಾವ ಕಡೆ ಎಂದು ತೀರ್ಮಾನಿಸಿ ಅದಕ್ಕೇ ಅಂಟಿಕೋ. ಫೋನ್ ಅಂತೂ ಬೆಂಚಿನ ಹತ್ತಿರವೇ ಬೇಡ, ಬ್ಯಾಗಿನಲ್ಲಿರಲಿ. ದುಪಟ್ಟಾ ಕೋಟಿನೊಳಗೆ, ಉಗುರು ಮೊಂಡಾಗಿ, ಉಂಗುರ ಮನೆಯಲ್ಲಿ. ಪೆನ್ನು ಬಾಯಿಗೆ ಕಚ್ಚುವ ಚಾಳಿ ನಿನಗೆ ಎಸ್ಸೆಸ್ಸೆಲ್ಸಿಯಿಂದ ಇದೆ, ನನಗೆ ಗೊತ್ತು. ಬಿಡು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಈ ಬೆಂಚಿಗೆ ಒಗ್ಗುವುದಿಲ್ಲ.

ಕೊರೋನಾ ಬಂದು ಹೋದ ಮೇಲೆ ಎಲ್ಲರೂ ಸ್ಯಾನಿಟೈಸರ್ ಬಾಟಲಿಯನ್ನು ತೀರ್ಥದಂತೆ ಬಳಸುತ್ತಿದ್ದಾರೆ. ಆ ವೈರಸ್ಸಿನ ಹೊದಿಕೆ ಆಲ್ಕೋಹಾಲಿಗೆ ಕರಗುತ್ತಿತ್ತು. ಲಾಡಿಹುಳುವಿನ ಮೊಟ್ಟೆಗೆ ದಪ್ಪ ಇಟ್ಟಿಗೆಗಳನ್ನು ಜೋಡಿಸಿ ಕಟ್ಟಿದ ಗೋಡೆ ಇದೆ, ಸೂಕ್ಷ್ಮದರ್ಶಕದಲ್ಲಿ ಕಾಣುವ ಆ ಸಾಲುಗೆರೆಗಳು ಅವೇ. ಸ್ಯಾನಿಟೈಸರ್ ಅದಕ್ಕೆ ಏನೂ ಮಾಡದು. ಇಲ್ಲಿ ಮೊಟ್ಟೆಯನ್ನು ಕೊಲ್ಲುವ ಮಾತೇ ಬೇಡ, ಕೈಯಿಂದ ಕೆಳಗೆ ಇಳಿಸುವುದಷ್ಟೇ ಕೆಲಸ. ಸೋಪು, ಹರಿಯುವ ನೀರು, ಬೆರಳ ಸಂದು, ಉಗುರ ಸಂದು, ನಿಧಾನ. ಗ್ಲೌಸ್ ಕಳಚಿದ ಮೇಲೆ, ಕೋಟು ತೆಗೆದ ಮೇಲೆ, ಊಟಕ್ಕೆ ಹೋಗುವ ಮುಂಚೆ, ಪ್ರತಿ ಸಲವೂ.

ಫ್ರಿಜ್ಜಿನ ಬಗ್ಗೆ ಒಂದು ಮಾತು. ಸ್ಯಾಂಪಲ್ ಇಡುವ ಫ್ರಿಜ್ಜಿನಲ್ಲಿ ಮೊಸರನ್ನದ ಡಬ್ಬಿ, ನೀರಿನ ಬಾಟಲಿ ಇಡುವ ಲ್ಯಾಬು ನಿನಗೆ ಕಂಡೇ ಕಾಣುತ್ತದೆ. ತಣ್ಣಗಿದ್ದರೆ ಕ್ರಿಮಿ ಸಾಯುತ್ತದೆ ಎಂದು ಅವರ ಭಾವನೆ. ಈ ಮೊಟ್ಟೆಗೆ ಒಣ ಬಿಸಿಲು ಆಗದು, ತಣ್ಣಗಿನ ತೇವ ಬಲು ಇಷ್ಟ. ಅಂಥಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ.

ಸ್ಲೈಡಿಗೆ ಬರೋಣ. ಸಲೈನ್, ಅಯೋಡಿನ್ ಎರಡರಲ್ಲೂ ಹಸಿ ಸ್ಲೈಡ್ ಮಾಡುತ್ತೀಯ, ಎರಡರಲ್ಲೂ ಮೊಟ್ಟೆ ಜೀವಂತ. ಕವರ್‌ಸ್ಲಿಪ್ಪಿನ ಅಂಚು ಮೀರಿ ದ್ರವ ಹರಿಯುವಷ್ಟು ಹಾಕಬೇಡ, ಹರಿದರೆ ಅದು ಸೇರುವುದು ಸೂಕ್ಷ್ಮದರ್ಶಕದ ಸ್ಟೇಜಿಗೆ. ಟೀನಿಯಾ ಮೊಟ್ಟೆ ಉಪ್ಪುನೀರಿನಲ್ಲಿ ತೇಲುವುದಿಲ್ಲ, ಆದ್ದರಿಂದ ಫಾರ್ಮಾಲ್ ಈಥರ್ ಹಾಕಿ ಸೆಂಟ್ರಿಫ್ಯೂಜ್ ಮಾಡಿ ತಳದಲ್ಲಿ ಕೂರಿಸಿಯೇ ಹುಡುಕಬೇಕು. ಟ್ಯೂಬಿಗೆ ಬಿರಡೆ ಹಾಕಿ ಕುಲುಕುವಾಗ ಈಥರ್ ಆವಿ ತುಂಬಿ ಬಿರಡೆ ಪಟ್ಟೆಂದು ಹಾರಿ ಮುಖಕ್ಕೆ ಸಿಡಿಯುವುದುಂಟು. ಹುಡ್‌ನೊಳಗೆ, ಬಾಯಿ ಆಚೆ ತಿರುಗಿಸಿ, ನಡುನಡುವೆ ಬಿರಡೆ ಸಡಿಲಿಸಿ ಆವಿ ಬಿಡು. ಹತ್ತಿರದಲ್ಲಿ ಬರ್ನರ್ ಉರಿಯುತ್ತಿರಬಾರದು ಎಂದು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಕೊನೆಗೆ ತಳದಲ್ಲಿ ಉಳಿಯುವ ಆ ಒಂದು ಹನಿಯಲ್ಲಿ ಇಡೀ ಡಬ್ಬಿಯ ಮೊಟ್ಟೆಗಳು ಒಟ್ಟಾಗಿರುತ್ತವೆ. ಅದಕ್ಕಿಂತ ಎಚ್ಚರ ಬೇಡುವ ಹನಿ ನಿನ್ನ ಬೆಂಚಿನಲ್ಲಿ ಬೇರೆ ಇಲ್ಲ.

ಕೆಲವು ಸಲ ಇಡೀ ತುಂಡು ಬರುತ್ತದೆ. ದನದ ಲಾಡಿಹುಳು ಟೀನಿಯಾ ಸ್ಯಾಜಿನೇಟದ ತುಂಡುಗಳು ಒಂಟೊಂಟಿಯಾಗಿ ತಾವೇ ತೆವಳಿ ಹೊರಬರುತ್ತವೆ, ರೋಗಿ ಅದನ್ನು ನೋಡಿ ಬೆಚ್ಚಿಬಿದ್ದು ಓಡಿಬರುತ್ತಾನೆ. ಸೋಲಿಯಮ್ ತುಂಡುಗಳು ಸಪ್ಪಗೆ, ಹೆಚ್ಚಾಗಿ ಒಂದಕ್ಕೊಂದು ಅಂಟಿಕೊಂಡು ಮಲದೊಳಗೇ ಬೀಳುತ್ತವೆ. ಸ್ಯಾಜಿನೇಟ ಮೊಟ್ಟೆಯಿಂದ ಮನುಷ್ಯನಿಗೆ ಗುಳ್ಳೆರೋಗ ಬರುವುದಿಲ್ಲ. ಆದರೆ ಎರಡರ ಮೊಟ್ಟೆಯೂ ನೋಡಲು ಒಂದೇ, ಎಂಥ ನುರಿತ ಕಣ್ಣಿಗೂ ಬೇರೆ ಮಾಡಲಾಗದು. ಹಾಗಾಗಿ ಬೇರೆಯೆಂದು ಸಾಬೀತಾಗುವ ತನಕ ಬಂದ ಪ್ರತಿಯೊಂದೂ ಸೋಲಿಯಮ್ ಎಂದೇ ಹಿಡಿ. ತುಂಡನ್ನು ಚಿಮಟದಿಂದ ಎತ್ತಿ ಅಂಚಿರುವ ತಟ್ಟೆಗೆ ಹಾಕು. ಸಿಂಕಿನಲ್ಲಿ ನಲ್ಲಿ ಬಿಟ್ಟು ತೊಳೆಯುವ ಚಪಲ ಬೇಡ, ನೀರಿನ ರಭಸಕ್ಕೆ ತುಂಡು ಒಡೆದರೆ ಸಿಂಕೆಲ್ಲ ಮೊಟ್ಟೆ. ಬೆಚ್ಚಗಿನ ಸಲೈನಿನಲ್ಲಿ ಸಡಿಲಗೊಳಿಸಿ, ರಾತ್ರಿಯಿಡೀ ಫಾರ್ಮಲಿನ್ನಿನಲ್ಲಿ ಬಿಟ್ಟು, ಮಾರನೆಯ ದಿನ ಎರಡು ಸ್ಲೈಡುಗಳ ನಡುವೆ ಮೆಲ್ಲಗೆ ಒತ್ತಿ ಬೆಳಕಿಗೆ ಹಿಡಿ. ನಡುವಿನ ಗರ್ಭಕೋಶದ ಕಾಂಡದಿಂದ ಒಂದು ಪಕ್ಕಕ್ಕೆ ಹೊರಡುವ ಮುಖ್ಯ ಕೊಂಬೆಗಳನ್ನು ಎಣಿಸು. ಕೊಂಬೆಗಳ ಬುಡದಲ್ಲಿ ಎಣಿಸಬೇಕು, ತುದಿಯಲ್ಲಿ ಎಣಿಸಿದರೆ ಕವಲೊಡೆದು ಲೆಕ್ಕ ತಪ್ಪುತ್ತದೆ. 7ರಿಂದ 13 ಆದರೆ ಸೋಲಿಯಮ್, 15 ದಾಟಿದರೆ ಸ್ಯಾಜಿನೇಟ. ನಡುವಿನ ಸಂಖ್ಯೆ ಬಂದರೆ ಟೀನಿಯಾ ಜಾತಿ ಎಂದಷ್ಟೇ ಬರೆದು ನಿಲ್ಲಿಸು, ಜಾಣತನ ತೋರಿಸಬೇಡ. ಕೊಂಬೆ ಎದ್ದು ಕಾಣಲು ಸಣ್ಣ ಸೂಜಿಯಿಂದ ಇಂಡಿಯನ್ ಇಂಕ್ ತುಂಬುವ ವಿಧಾನ ಇದೆ, ಬಲು ಚೆಂದ ಕಾಣುತ್ತದೆ. ತುಂಬಿದ ತುಂಡಿಗೆ ಒತ್ತಡ ಹಾಕಿದರೆ ಮೊಟ್ಟೆಗಳು ಪಿಚಕಾರಿಯಂತೆ ಹೊರಬರುತ್ತವೆ, ಕೈಯಲ್ಲಿ ಸೂಜಿ ಬೇರೆ. ಹಿರಿಯರು ಪಕ್ಕದಲ್ಲಿ ಇಲ್ಲದೆ ಅದಕ್ಕೆ ಕೈ ಹಾಕಬೇಡ. ಫಾರ್ಮಲಿನ್ನಿನಲ್ಲಿದ್ದದ್ದೂ ಸತ್ತೇಹೋಗಿದೆ ಎಂದುಕೊಳ್ಳಬೇಡ, ತುಂಡಿನ ಒಳಗಿನ ಮೊಟ್ಟೆಗೆ ಅದು ನಿಧಾನವಾಗಿ ತಲುಪುತ್ತದೆ.

ಕೊಲ್ಲುವುದಕ್ಕೆ ನಂಬಬಹುದಾದದ್ದು ಶಾಖ ಒಂದೇ. ಬಳಸಿದ ಸ್ಲೈಡುಗಳನ್ನು ಹೈಪೋಕ್ಲೋರೈಟ್ ಜಾಡಿಯಲ್ಲಿ ಹಾಕುತ್ತೇವೆ, ಹಾಕಲೇಬೇಕು, ದ್ರಾವಣ ದಿನಾ ಹೊಸದಾಗಿರಬೇಕು. ಆದರೆ ಅದರ ಮಹಿಮೆಗೆ ಮಿತಿ ಇದೆ. ಸಂಶೋಧಕರು ಮೊಟ್ಟೆಯ ಗೋಡೆ ಕರಗಿಸಿ ಒಳಗಿನ ಭ್ರೂಣವನ್ನು ಜೀವಂತವಾಗಿ ಬಿಡಿಸಿಕೊಳ್ಳಲು ಬಳಸುವುದು ತೆಳು ಹೈಪೋಕ್ಲೋರೈಟನ್ನೇ! ಅದರಲ್ಲಿ ಅದ್ದಿ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೊನೆಯಲ್ಲಿ ಆಟೋಕ್ಲೇವ್ ಆಗಲೇಬೇಕು, 121 ಡಿಗ್ರಿ ಸೆಲ್ಸಿಯಸ್. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವೂ ಹಾಗೇ ಹೇಳುತ್ತದೆ: ಲ್ಯಾಬಿನ ಇಂಥ ಕಸವನ್ನು ಅಲ್ಲಿಯೇ ಶುದ್ಧಿ ಮಾಡಿದ ಮೇಲಷ್ಟೇ ಹಳದಿ ಚೀಲ. ನೆಲಕ್ಕೆ ಚೆಲ್ಲಿದರೆ ಒಣಪೊರಕೆ ಆಡಿಸಬೇಡ. ಕಾಗದ ಮುಚ್ಚಿ, ದ್ರಾವಣ ಸುರಿದು, ಕಾದು, ಎತ್ತಿ, ಆ ಜಾಗಕ್ಕೆ ಕುದಿನೀರು.

ಇದೆಲ್ಲ ಮಾಡುವಾಗ ನಿನ್ನ ಹಿಂದೆ ನೆಲ ಒರೆಸುವ ಆಯಾ ಒಬ್ಬರಿರುತ್ತಾರೆ. ಅವರಿಗೆ ಗ್ಲೌಸ್ ಇದೆಯೇ, ದಪ್ಪ ರಬ್ಬರಿನದ್ದು ಇದೆಯೇ, ಹರಿದಿದೆಯೇ ನೋಡು. ಜಾಡಿ ಖಾಲಿ ಮಾಡುವವರು, ಬಕೆಟ್ ತೊಳೆಯುವವರು ಅವರು. ಡಾಕ್ಟರರಿಗೆ, ಟೆಕ್ನೀಷಿಯನ್ನರಿಗೆ ಕೊಡುವ ತರಬೇತಿಯಲ್ಲಿ ಅವರನ್ನು ಕೂರಿಸಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ. ಅವರು ಬಾಯಿಗೆ ಎಲೆಅಡಿಕೆ ಹಾಕುವ ಮುಂಚೆ ಕೈ ತೊಳೆಯಬೇಕು ಎಂಬುದನ್ನು ನೀನೇ ಕೂತು, ಅಮ್ಮಾ ಎಂದು ಕರೆದು ಹೇಳು. ಗದರಿಸಿ ಹೇಳಿದರೆ ತೊಳೆಯುವುದಿಲ್ಲ.

ಇಷ್ಟು ಓದಿ ಎಲ್ಲದಕ್ಕೂ ಹೆದರಿಕೊಂಡು ಕೂರಬೇಡ. ಹೆದರಬೇಕಾದದ್ದು ಮಲ, ಹುಳುವಿನ ತುಂಡು, ಅವು ತಾಗಿದ ವಸ್ತು, ಇಷ್ಟಕ್ಕೆ. ರೋಗಿಯ ರಕ್ತದಲ್ಲಿ, ಬೆನ್ನುಹುರಿಯ ನೀರಿನಲ್ಲಿ ಮೊಟ್ಟೆ ಇರುವುದಿಲ್ಲ. ಅವುಗಳಿಗೆ ಮಾಮೂಲಿ ಎಚ್ಚರ ಸಾಕು. ಮೆದುಳಿನಿಂದ ತೆಗೆದ ಗುಳ್ಳೆಯಾಗಲಿ ಹಂದಿಮಾಂಸದ ಗುಳ್ಳೆಯಾಗಲಿ ಮುಟ್ಟಿದರೆ ಅಂಟುವುದಿಲ್ಲ. ಅದನ್ನು ಹಸಿಯಾಗಿ ತಿಂದರೆ ಕರುಳಿನಲ್ಲಿ ಹುಳುವಾಗುತ್ತದೆ, ಅಷ್ಟೆ. ಅದನ್ನು ಸಾಧಿಸಿ ತೋರಿಸಿದವನು ಜರ್ಮನಿಯ ಕೂಕನ್‌ಮೈಸ್ಟರ್, 1855ರಲ್ಲಿ. ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನ ಊಟದಲ್ಲಿ ಅವನಿಗೆ ತಿಳಿಸದೆ ಗುಳ್ಳೆಗಳನ್ನು ಬೆರೆಸಿ, ಶಿಕ್ಷೆಯಾದ ಮೇಲೆ ಹೊಟ್ಟೆ ಸೀಳಿ ಕರುಳಿನಲ್ಲಿ ಎಳೆಯ ಹುಳುಗಳನ್ನು ಕಂಡ. ವಿಜ್ಞಾನ ಮುಂದುವರಿಯಿತು, ನಿಜ. ಆ ಪ್ರಯೋಗ ನೆನೆದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಪಶುವೈದ್ಯ ಕಾಲೇಜಿನ ಗೆಳತಿಯರಿದ್ದರೆ ಅವರಿಗೊಂದು ಮಾತು ಹೇಳು: ನಾಯಿಯ ಮಲದಲ್ಲೂ ಇಂಥ ಮೊಟ್ಟೆ ಇರಬಹುದು. ಅದು ಎಕೈನೊಕಾಕಸ್, ಮನುಷ್ಯನ ಪಿತ್ತಜನಕಾಂಗದಲ್ಲಿ, ಶ್ವಾಸಕೋಶದಲ್ಲಿ ಹೈಡಾಟಿಡ್ ಗಡ್ಡೆ ಕಟ್ಟುವ ಜಾತಿ. ಎಚ್ಚರವೆಲ್ಲ ಇದೇ.

ಅಕಸ್ಮಾತ್ ಬಾಯಿಗೆ ಸಿಡಿಯಿತು ಅಂದುಕೋ. ಉಗಿದು, ಮುಕ್ಕಳಿಸಿ, ಮುಖ ತೊಳೆದು, ಕೂಡಲೇ ಮೇಲಿನವರಿಗೆ ತಿಳಿಸು. ತಾರೀಖು ಹಾಕಿ, ಯಾವ ಸ್ಯಾಂಪಲ್ ಎಂದು ರಿಜಿಸ್ಟರಿನಲ್ಲಿ ಬರೆಸು, ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ವರ್ಷಗಳ ಮೇಲೆ ಏನಾದರೂ ಆದರೆ ವೈದ್ಯರಿಗೆ ದಾರಿ ತೋರಿಸುವುದು ಆ ಒಂದು ಸಾಲು. ಗೆಳತಿಯ ಮಾತು ಕೇಳಿ ಅಂಗಡಿಯಿಂದ ಆಲ್ಬೆಂಡಜೋಲ್ ತಂದು ನುಂಗಬೇಡ. ಮನುಷ್ಯರಿಗೆ ಇದರ ಲಸಿಕೆ ಇಲ್ಲ. ಹಂದಿಗಳಿಗೆ ಇದೆ, ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಅದನ್ನು ತಯಾರಿಸುತ್ತದೆ. ನಮ್ಮ ಪಾಲಿಗೆ ಸದ್ಯಕ್ಕೆ ಸೋಪೇ ಲಸಿಕೆ.

ಕೊನೆಗೆ ರಿಪೋರ್ಟು. ಟೀನಿಯಾ ಮೊಟ್ಟೆ ಕಂಡಿತು ಎಂದು ಬರೆದು ಕಂಪ್ಯೂಟರಿಗೆ ಏರಿಸಿ ಕೈ ತೊಳೆದುಕೊಳ್ಳಬೇಡ. ವಾರ್ಡಿಗೆ ಫೋನ್ ಮಾಡು. ಹುಳು ತೆಗೆಯಲು ಪ್ರಾಜಿಕ್ವಾಂಟೆಲ್ ಎಂಬ ಮಾತ್ರೆ ಕೊಡುತ್ತಾರೆ. ಅದು ಕರುಳಿನಲ್ಲಿ ನಿಲ್ಲದೆ ರಕ್ತಕ್ಕೂ ಹೋಗುತ್ತದೆ. ಆ ರೋಗಿಯ ಮೆದುಳಿನಲ್ಲಿ ಯಾರಿಗೂ ಗೊತ್ತಿಲ್ಲದ ಗುಳ್ಳೆ ಇದ್ದರೆ ಒಮ್ಮೆಲೇ ಉರಿಯೂತವೆದ್ದು ಫಿಟ್ಸ್ ಬರಬಹುದು. ಇನ್ನೊಂದು ಮಾತ್ರೆ ನಿಕ್ಲೋಸಮೈಡ್ ಕರುಳಿನಲ್ಲೇ ಉಳಿಯುತ್ತದೆ. ಯಾವುದನ್ನು ಕೊಡಬೇಕು ಎನ್ನುವುದು ವೈದ್ಯರ ಕೆಲಸ, ಆದರೆ ಈ ರೋಗಿಗೆ ತಲೆನೋವು, ಫಿಟ್ಸ್ ಇದೆಯೇ ಕೇಳಿದ್ದೀರಾ ಸಾರ್ ಎಂದು ವಿನಯವಾಗಿ ನೆನಪಿಸುವ ಅಧಿಕಾರ ನಿನಗಿದೆ. ಜೊತೆಗೆ ಆ ಮನೆಯ ಎಲ್ಲರ ಮಲ ಪರೀಕ್ಷೆಗೂ ಕೇಳು, ಮುಖ್ಯವಾಗಿ ಅಡುಗೆ ಮಾಡುವವರದು. ಮೊಟ್ಟೆ ದಿನವೂ ಬೀಳುವುದಿಲ್ಲ, ಒಂದು ಸ್ಯಾಂಪಲ್ ನೋಡಿ ಇಲ್ಲ ಎಂದು ಬರೆದರೆ ಅರ್ಧ ಕೆಲಸ. ಬೇರೆ ಬೇರೆ ದಿನದ ಮೂರು ತರಿಸು. ಫಿಟ್ಸ್ ಬಂದ ಹುಡುಗನ ಸ್ಯಾಂಪಲ್ ಚೊಕ್ಕವಾಗಿದ್ದು, ಅವನಿಗೆ ತುತ್ತು ಮಾಡಿ ತಿನ್ನಿಸುವ ಅಜ್ಜಿಯ ಮೂರನೆಯ ಡಬ್ಬಿಯಲ್ಲಿ ಮೊಟ್ಟೆ ಸಿಗಬಹುದು. ಮೂರು ಡಬ್ಬಿಗೂ ಬೇರೆ ಬೇರೆ ತಾರೀಖು ಹಾಕಿದ್ದಾರೆಯೇ ನೋಡಿಕೋ. ಎಷ್ಟೋ ಜನ ಒಂದೇ ಬೆಳಗಿನದನ್ನು ಮೂರು ಪಾಲು ಮಾಡಿ ತಂದುಬಿಡುತ್ತಾರೆ.

ನಿನ್ನ
ದೊಡ್ಡಪ್ಪ